ಚರ್ಚ್ ಪಾಲನಾ ಮಂಡಳಿಯಲ್ಲಿ ಒಮ್ಮನಸ್ಸಿನಿಂದ ತೀರ್ಮಾನಕ್ಕೆ ಬರುವುದು ಹೇಗೆ?

ಹೊಸದಾಗಿ ಚರ್ಚ್ ಪಾಲನಾ ಮಂಡಳಿಗೆ ಆಯ್ಕೆಯಾದವರು ಪದೇ ಪದೇ ಕೇಳುವ ಪ್ರಶ್ನೆ ಇದು: "ಕೊನೆಗೆ ಫಾದರ್ ಹೇಳಿದ್ದೇ ನಡೆಯುವುದಾದರೆ ನಾವು ಸಭೆಗೆ ಹೋಗುವುದು ಯಾಕೆ? ಬೇರೆ ಅಭಿಪ್ರಾಯ ಹೇಳಿದರೆ ಅದು ಅವಿಧೇಯತೆ ಆಗುವುದಿಲ್ಲವೇ?" ಎರಡು ಅವಧಿಗೆ ಕಾರ್ಯದರ್ಶಿಯಾಗಿ ನಡಾವಳಿ ಪುಸ್ತಕ ಬರೆದ ನನಗೆ ಈ ಪ್ರಶ್ನೆಯ ಹಿಂದಿರುವ ಸಂಕಟ ಅರ್ಥವಾಗುತ್ತದೆ. ಕಥೋಲಿಕ ಧರ್ಮಸಭೆಯ ಕಾನೂನನ್ನೂ ಪರಂಪರೆಯನ್ನೂ ಓದಿದ ಮೇಲೆ ನನಗೆ ದೃಢವಾದದ್ದು ಇಷ್ಟು: ಸಭೆಯಲ್ಲಿ ಮನಬಿಚ್ಚಿ ಮಾತಾಡುವುದು ವಿಧೇಯತೆಯ ಮೊದಲ ಅರ್ಧ, ತೀರ್ಮಾನವಾದ ಮೇಲೆ ಕೈಜೋಡಿಸುವುದು ಅದರ ಎರಡನೇ ಅರ್ಧ. ಮೊದಲನೆಯದನ್ನು ಬಿಟ್ಟವರಿಗೆ ಎರಡನೆಯದು ಬಹಳ ಕಷ್ಟವಾಗುತ್ತದೆ. ಈ ಎರಡನ್ನೂ ಒಂದು ಧರ್ಮಕೇಂದ್ರದಲ್ಲಿ, ಅಂದರೆ ಒಬ್ಬ ಧರ್ಮಗುರುಗಳ ಪಾಲನೆಗೆ ಒಪ್ಪಿಸಲಾದ ವಿಶ್ವಾಸಿಗಳ ಸಮುದಾಯದಲ್ಲಿ, ಹೇಗೆ ನಡೆಸಿಕೊಂಡು ಹೋಗಬಹುದು ಎಂಬುದನ್ನು ಕೆಳಗೆ ಹಂತ ಹಂತವಾಗಿ ವಿವರಿಸಿದ್ದೇನೆ.

ಉದ್ದಕ್ಕೂ ಒಂದೇ ಉದಾಹರಣೆಯನ್ನು ಇಟ್ಟುಕೊಳ್ಳೋಣ. ಚರ್ಚಿನ ಹಳೆಯ ಹಂಚಿನ ಮಾಡು ಮಳೆಗಾಲದಲ್ಲಿ ಸೋರುತ್ತಿದೆ. ಅದನ್ನು ದುರಸ್ತಿ ಮಾಡಿ ಉಳಿಸಿಕೊಳ್ಳಬೇಕೋ, ಪೂರ್ತಿ ತೆಗೆದು ಹೊಸದು ಹಾಕಬೇಕೋ ಎಂಬುದು ಪ್ರಶ್ನೆ. ಕರಾವಳಿಯಲ್ಲಿ ಬದುಕುವವರಿಗೆ ಇಂಥ ಪ್ರಶ್ನೆ ಎಷ್ಟು ಮನೆಗಳ ಮನಸ್ಸನ್ನು ಕಲಕಬಲ್ಲದು ಎಂದು ಬೇರೆ ಹೇಳಬೇಕಾಗಿಲ್ಲ.

ಆರಂಭಿಸುವ ಮೊದಲು ಕೈಯಲ್ಲಿರಬೇಕಾದದ್ದು

ನಿಮ್ಮ ಧರ್ಮಪ್ರಾಂತ್ಯದ, ಅಂದರೆ ಒಬ್ಬ ಬಿಷಪ್ಪರ ಆಡಳಿತಕ್ಕೆ ಒಳಪಟ್ಟ ಪ್ರದೇಶದ, ಪಾಲನಾ ಮಂಡಳಿ ನಿಯಮಾವಳಿಯ ಒಂದು ಪ್ರತಿ ಬೇಕು. ಬಹಳಷ್ಟು ಸದಸ್ಯರು ಇದನ್ನು ಕಣ್ಣಿನಿಂದ ಕಂಡಿರುವುದೇ ಇಲ್ಲ. ಕಚೇರಿಯಲ್ಲಿ ಕೇಳಿ ಪಡೆಯಿರಿ. ಇದರ ಜೊತೆಗೆ ಹಿಂದಿನ ಎರಡು ಮೂರು ವರ್ಷಗಳ ನಡಾವಳಿ ಪುಸ್ತಕವನ್ನು ಓದಿಕೊಳ್ಳಿ.

ಧರ್ಮಸಭೆಯ ಕಾನೂನು ಸಂಹಿತೆಯ ಕೆಲವು ವಿಧಿಗಳನ್ನೂ ತಿಳಿದಿರಬೇಕು. ಈಗ ಜಾರಿಯಲ್ಲಿರುವ ಸಂಹಿತೆ 1983ರದ್ದು. ಅದರ 536ನೇ ವಿಧಿಯ ಪ್ರಕಾರ ಪಾಲನಾ ಮಂಡಳಿಗೆ ಧರ್ಮಗುರುಗಳೇ ಅಧ್ಯಕ್ಷರು, ಮತ್ತು ಮಂಡಳಿಯ ಮತ ಸಲಹಾರೂಪದ್ದು. 537ನೇ ವಿಧಿ ಪ್ರತಿ ಧರ್ಮಕೇಂದ್ರಕ್ಕೂ ಒಂದು ಆರ್ಥಿಕ ಸಮಿತಿ ಇರಲೇಬೇಕೆನ್ನುತ್ತದೆ. 212ನೇ ವಿಧಿ ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಹತ್ತಿರದ್ದು. ಅದರ ಮೊದಲ ಭಾಗ, ವಿಶ್ವಾಸದ ಬೋಧಕರಾಗಿ ಮತ್ತು ಧರ್ಮಸಭೆಯ ನಾಯಕರಾಗಿ ಪಾಲಕರು ನಿರ್ಧರಿಸಿದ್ದನ್ನು ಕ್ರೈಸ್ತ ವಿಧೇಯತೆಯಿಂದ ಅನುಸರಿಸಬೇಕೆಂದು ಹೇಳುತ್ತದೆ. ಅದೇ ವಿಧಿಯ ಮೂರನೇ ಭಾಗ, ಧರ್ಮಸಭೆಯ ಒಳಿತಿಗೆ ಸಂಬಂಧಿಸಿದ ವಿಷಯಗಳಲ್ಲಿ ತಮ್ಮ ಅಭಿಪ್ರಾಯವನ್ನು ಪಾಲಕರಿಗೆ ತಿಳಿಸುವುದು ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಅವರ ಕರ್ತವ್ಯವೂ ಹೌದು ಎನ್ನುತ್ತದೆ. ಪಾಲಕರ ಮೇಲಿನ ಗೌರವ, ಎಲ್ಲರ ಹಿತ ಮತ್ತು ವ್ಯಕ್ತಿಗಳ ಘನತೆಯನ್ನು ಕಾಪಾಡಿಕೊಂಡೇ ಅದನ್ನು ಹೇಳಬೇಕು ಎಂಬ ಷರತ್ತನ್ನೂ ಹಾಕುತ್ತದೆ. ವಿಧೇಯತೆಯನ್ನೂ ಮಾತಾಡುವ ಕರ್ತವ್ಯವನ್ನೂ ಒಂದೇ ವಿಧಿಯೊಳಗೆ ಇಟ್ಟಿರುವುದನ್ನು ದಯವಿಟ್ಟು ಗಮನಿಸಿ. ಒಂದನ್ನು ಓದಿ ಇನ್ನೊಂದನ್ನು ಬಿಡುವವರಿಂದಲೇ ನಮ್ಮ ಸಭೆಗಳು ಕೆಡುತ್ತವೆ.

1. ವಿಷಯ ಯಾರ ಅಧಿಕಾರಕ್ಕೆ ಸೇರಿದ್ದು ಎಂದು ತಿಳಿದುಕೊಳ್ಳಿ

ಎಲ್ಲ ವಿಷಯಗಳೂ ಪಾಲನಾ ಮಂಡಳಿಯ ಮುಂದೆ ಒಂದೇ ರೀತಿಯಲ್ಲಿ ಬರುವುದಿಲ್ಲ. ವಿಶ್ವಾಸದ ಬೋಧನೆ, ಸಂಸ್ಕಾರಗಳ ನಿಯಮ, ಬಲಿಪೂಜೆಯ ವಿಧಿ ಇವು ಮತಕ್ಕೆ ಹಾಕುವ ವಿಷಯಗಳಲ್ಲ. ಹಬ್ಬದ ಸಿದ್ಧತೆ, ಧರ್ಮೋಪದೇಶದ ತರಗತಿಯ ಸಮಯ, ಬಡ ಕುಟುಂಬಗಳಿಗೆ ನೆರವು ಇಂಥವು ಮಂಡಳಿಯ ನಿತ್ಯದ ಕೆಲಸ. ಇವೆರಡರ ನಡುವೆ ಮೂರನೆಯ ಒಂದು ಬಗೆಯಿದೆ: ನಿತ್ಯದ ಆಡಳಿತದ ಮಿತಿಯನ್ನು ಮೀರಿದ ದೊಡ್ಡ ಖರ್ಚು, ಜಮೀನಿನ ವ್ಯವಹಾರ, ಕಟ್ಟಡದ ಬದಲಾವಣೆ. ಇವಕ್ಕೆ ಬಿಷಪ್ಪರ ಲಿಖಿತ ಅನುಮತಿ ಬೇಕು. ನಮ್ಮ ಮಾಡಿನ ಪ್ರಶ್ನೆಯಲ್ಲಿ ನಾಲ್ಕು ಒಡೆದ ಹಂಚುಗಳನ್ನು ಬದಲಿಸುವುದು ನಿತ್ಯದ ಕೆಲಸವಾದರೆ, ಇಡೀ ಮಾಡನ್ನು ಇಳಿಸುವುದು ಮೂರನೆಯ ಬಗೆಗೆ ಸೇರುತ್ತದೆ.

ಇಲ್ಲಿ ಆಗುವ ಸಾಮಾನ್ಯ ತಪ್ಪೆಂದರೆ, ಮಂಡಳಿ ಉತ್ಸಾಹದಿಂದ ತೀರ್ಮಾನಿಸಿ, ಗುತ್ತಿಗೆದಾರರಿಗೆ ಮುಂಗಡ ಕೊಟ್ಟು, ಆಮೇಲೆ ಅನುಮತಿಗೆ ಅರ್ಜಿ ಬರೆಯುವುದು. ಆಗ ಬಿಷಪ್ಪರು ಒಂದು ಪ್ರಶ್ನೆ ಕೇಳಿದರೂ ಅದು ಜನರ ಕಿವಿಗೆ ಅಡ್ಡಿಯಂತೆ ಕೇಳಿಸುತ್ತದೆ, ಮತ್ತು ಯಾರ ತಪ್ಪೂ ಇಲ್ಲದ ಕಡೆ ಕಹಿ ಹುಟ್ಟುತ್ತದೆ.

2. ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದು ಮುಂಚಿತವಾಗಿ ಕಳುಹಿಸಿ

"ಚರ್ಚಿನ ಮಾಡಿನ ಬಗ್ಗೆ ಚರ್ಚೆ" ಎಂದು ಕಾರ್ಯಸೂಚಿಯಲ್ಲಿ ಬರೆದರೆ ಸಭೆ ಎರಡು ಗಂಟೆ ನಡೆದು ಏನೂ ಆಗದೆ ಮುಗಿಯುತ್ತದೆ. "ಮುಂದಿನ ಮಳೆಗಾಲದೊಳಗೆ ಈಗಿನ ಹಂಚಿನ ಮಾಡನ್ನು ದುರಸ್ತಿ ಮಾಡಿಸಬೇಕೇ, ಅಥವಾ ಪೂರ್ತಿ ಬದಲಿಸಲು ಅನುಮತಿ ಕೇಳಬೇಕೇ?" ಎಂದು ಬರೆದರೆ ಎಲ್ಲರೂ ಒಂದೇ ಪ್ರಶ್ನೆಗೆ ಉತ್ತರ ಹುಡುಕುತ್ತಾರೆ. ಇದರೊಂದಿಗೆ ಎಂಜಿನಿಯರರ ವರದಿ, ಅಂದಾಜು ವೆಚ್ಚ ಮತ್ತು ಆರ್ಥಿಕ ಸಮಿತಿಯ ಟಿಪ್ಪಣಿ ಇರಲಿ. ಕನಿಷ್ಠ ಎರಡು ವಾರ ಮೊದಲು ಇದು ಸದಸ್ಯರ ಕೈಗೆ ತಲುಪಲಿ ಎಂಬುದು ನನ್ನ ಸಲಹೆ.

ಈ ಎರಡು ವಾರಗಳಲ್ಲಿ ವಾಳೆಯ ಗುರಿಕಾರರು, ಅಂದರೆ ಧರ್ಮಕೇಂದ್ರದ ಒಂದೊಂದು ವಿಭಾಗದ ಮುಖಂಡರು, ತಮ್ಮ ವಾಳೆಯ ಸಭೆಯಲ್ಲಿ ವಿಷಯವನ್ನು ಮುಂದಿಟ್ಟು ಜನರ ಮಾತನ್ನು ಕೇಳಿಕೊಂಡು ಬರಬೇಕು. ಕೇಳಿಕೊಂಡು ಬರುವುದೆಂದರೆ ಜನರಿಂದ ವಚನ ಪಡೆದುಕೊಂಡು ಬರುವುದಲ್ಲ. "ನಮ್ಮ ವಾಳೆಯವರೆಲ್ಲ ಹೀಗೇ ಹೇಳಿದ್ದಾರೆ, ನಾನು ಬದಲಿಸುವಂತಿಲ್ಲ" ಎಂದು ಕಟ್ಟಿಕೊಂಡು ಬಂದ ಗುರಿಕಾರರು ಸಭೆಯಲ್ಲಿ ಬೇರೆಯವರ ಮಾತನ್ನು ಕೇಳಲಾರರು. ಹೊಸ ಸಂಗತಿ ತಿಳಿದರೆ ಮನಸ್ಸು ಬದಲಿಸುವ ಸ್ವಾತಂತ್ರ್ಯವನ್ನು ನಿಮ್ಮ ವಾಳೆಯವರಿಂದಲೇ ಮೊದಲು ಕೇಳಿ ಪಡೆಯಿರಿ.

ದಾನದ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ನಿರ್ದಿಷ್ಟ ಉದ್ದೇಶಕ್ಕಾಗಿ ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೇ ಬಳಸಬೇಕು ಎಂದು 1267ನೇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಮಾಡಿಗೆಂದು ಸಂಗ್ರಹಿಸಿದ ಹಣವನ್ನು ಸಭಾಭವನದ ನೆಲಕ್ಕೆ ಹಾಕಲು ಪಾಲನಾ ಮಂಡಳಿಯ ಒಮ್ಮತವೂ ಸಾಲದು.

3. ಪ್ರಾರ್ಥನೆಗೆ ನಿಜವಾಗಿಯೂ ಸಮಯ ಕೊಡಿ

ಸಭೆಯ ಆರಂಭದಲ್ಲಿ ಒಂದು ಜಪ ಹೇಳಿ ಕೂಡಲೇ ಕುರ್ಚಿ ಎಳೆದುಕೊಳ್ಳುವುದು ರೂಢಿಯಾಗಿಬಿಟ್ಟಿದೆ. ದೊಡ್ಡ ವಿಷಯವಿರುವ ದಿನ ಒಂದು ವಾಕ್ಯಭಾಗವನ್ನು ಓದಿ, ಹತ್ತು ನಿಮಿಷ ಮೌನವಾಗಿರಿ. ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳ 15ನೇ ಅಧ್ಯಾಯ ಇದಕ್ಕೆ ಬಹಳ ಹೊಂದುತ್ತದೆ. ಅನ್ಯಜನಾಂಗದಿಂದ ಬಂದ ವಿಶ್ವಾಸಿಗಳಿಗೆ ಸುನ್ನತಿ ಕಡ್ಡಾಯವೇ ಎಂಬ ತೀವ್ರ ವಿವಾದ ಅಂತಿಯೋಕ್ಯದಲ್ಲಿ ಎದ್ದಾಗ, ಅದನ್ನು ಜೆರುಸಲೇಮಿಗೆ ಒಯ್ದು, ಪೇತ್ರ, ಬಾರ್ನಬ, ಪೌಲ ಮತ್ತು ಯಕೋಬ ಹೇಳಿದ್ದನ್ನು ಇಡೀ ಸಮುದಾಯ ಕೇಳಿಸಿಕೊಂಡ ಪ್ರಸಂಗ ಅಲ್ಲಿದೆ. ಪೇತ್ರ ಮಾತಾಡಿದ ಮೇಲೆ ಇಡೀ ಸಭೆ ಮೌನವಾಯಿತು ಎಂದು ಬರೆಯಲಾಗಿದೆ. ಆ ಮೌನದಲ್ಲಿ ಅವರು ಮುಂದಿನವರ ಮಾತಿಗೆ ಕಿವಿಗೊಟ್ಟರು.

ನೀವು ವೈಯಕ್ತಿಕವಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ನನ್ನ ಅಭಿಪ್ರಾಯಕ್ಕೆ ವಿರುದ್ಧವಾಗಿ ತೀರ್ಮಾನವಾದರೆ ಅದನ್ನು ಸ್ವೀಕರಿಸಲು ನಾನು ಸಿದ್ಧನಿದ್ದೇನೆಯೇ? ಸಿದ್ಧವಿಲ್ಲದಿದ್ದರೆ ಅದಕ್ಕಾಗಿಯೇ ಪ್ರಾರ್ಥಿಸಿ.

4. ಎಲ್ಲರೂ ಮೊದಲು ವಿರುದ್ಧದ ಕಾರಣ, ಆಮೇಲೆ ಪರವಾದ ಕಾರಣ ಹೇಳಲಿ

ಈ ಹಂತದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ಇದು ಫಲ ಕೊಟ್ಟದ್ದನ್ನು ನಾನು ನೋಡಿದ್ದೇನೆ.

1539ರಲ್ಲಿ ಲೊಯೋಲದ ಇಗ್ನೇಷಿಯಸ್ ಮತ್ತು ಅವರ ಸಂಗಡಿಗರು ರೋಮಿನಲ್ಲಿ ಸೇರಿ, ತಮ್ಮ ಮುಂದಿನ ಬದುಕು ಹೇಗಿರಬೇಕೆಂದು ವಿಚಾರ ಮಾಡಿದರು. ಮೂರು ವರ್ಷಗಳ ಬಳಿಕ ಗೋವೆಗೆ ಬಂದ ಸಂತ ಫ್ರಾನ್ಸಿಸ್ ಕ್ಸೇವಿಯರ್ ಕೂಡ ಅವರಲ್ಲೊಬ್ಬರು. ತಾವೆಲ್ಲ ಒಂದೇ ಬಳಗವಾಗಿ ಉಳಿಯಬೇಕೆಂಬ ತೀರ್ಮಾನ ಅವರಿಗೆ ಸುಲಭವಾಗಿ ಬಂತು. ತಮ್ಮಲ್ಲೇ ಒಬ್ಬರಿಗೆ ವಿಧೇಯರಾಗಿರುವ ವ್ರತ ತೊಡಬೇಕೇ ಎಂಬಲ್ಲಿ ಮಾತ್ರ ಅವರು ಸಿಕ್ಕಿಬಿದ್ದರು. ದಿನಗಟ್ಟಲೆ ಪ್ರಾರ್ಥಿಸಿದರೂ ದಾರಿ ಕಾಣಲಿಲ್ಲ. ಹಗಲಿನ ಸೇವಾಕಾರ್ಯವನ್ನು ಬಿಟ್ಟು ಎಲ್ಲಾದರೂ ಏಕಾಂತಕ್ಕೆ ಹೋಗುವ ಯೋಚನೆಯೂ ಬಂದು, ಅದನ್ನು ಕೈಬಿಟ್ಟು, ಹಗಲು ಸೇವೆ ಮತ್ತು ಪ್ರಾರ್ಥನೆ, ರಾತ್ರಿ ಸಭೆ ಎಂಬ ಕ್ರಮವನ್ನೇ ಮುಂದುವರಿಸಿದರು. ಆಗ ಅವರು ತಮಗೆ ತಾವೇ ಕೆಲವು ನಿಯಮಗಳನ್ನು ಹಾಕಿಕೊಂಡರು. ಈ ವಿಷಯವನ್ನು ಸಭೆಯ ಹೊರಗೆ ಪರಸ್ಪರ ಮಾತಾಡಿಕೊಳ್ಳಬಾರದು; ಯಾರೂ ಇನ್ನೊಬ್ಬರ ಮಾತಿನ ಸೆಳೆತಕ್ಕೆ ಒಳಗಾಗದೆ ತಾನೇ ಪ್ರಾರ್ಥನೆಯಲ್ಲಿ ಕಂಡುಕೊಂಡದ್ದನ್ನು ತರಬೇಕು; ಪ್ರತಿಯೊಬ್ಬನೂ ತಾನು ಈ ಬಳಗಕ್ಕೆ ಸೇರದ ಹೊರಗಿನವನೆಂಬಂತೆ ವಿಚಾರಿಸಬೇಕು. ಬಳಿಕ ಒಂದು ದಿನ ಪ್ರತಿಯೊಬ್ಬರೂ ವಿಧೇಯತೆಯ ವ್ರತಕ್ಕೆ ವಿರುದ್ಧವಾದ ಕಾರಣಗಳನ್ನು ಮಾತ್ರ ಹೇಳಿದರು. ಮರುದಿನ ಪ್ರತಿಯೊಬ್ಬರೂ ಪರವಾದ ಕಾರಣಗಳನ್ನು ಮಾತ್ರ ಹೇಳಿದರು. ಕೊನೆಗೆ ಒಬ್ಬರೂ ಬೇರೆಯಾಗದೆ ಒಮ್ಮತಕ್ಕೆ ಬಂದು, ಆ ವರ್ಷದ ಏಪ್ರಿಲ್ 15ರಂದು ಸಹಿ ಹಾಕಿದರು. ಈ ಬಳಗವೇ ಮುಂದೆ ಯೇಸುಸಭೆಯಾಯಿತು, ಅದರ ವಿಧೇಯತೆ ಎಷ್ಟು ಹೆಸರಾದದ್ದೆಂದು ನಮಗೆ ಗೊತ್ತು. ಅದು ಹುಟ್ಟಿದ್ದು ವಿಧೇಯತೆಗೆ ವಿರುದ್ಧವಾದ ಕಾರಣಗಳನ್ನು ಪ್ರತಿಯೊಬ್ಬರೂ ಎದೆಬಿಚ್ಚಿ ಹೇಳಿದ ಸಭೆಯಲ್ಲಿ ಎಂಬುದನ್ನು ನಾವು ಮರೆತಿದ್ದೇವೆ.

ನಮ್ಮ ಮಾಡಿನ ಪ್ರಶ್ನೆಗೆ ಇದನ್ನು ಹೀಗೆ ಅಳವಡಿಸಬಹುದು. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರೂ, ಹೊಸ ಮಾಡು ಬೇಕೆಂದು ಪಟ್ಟು ಹಿಡಿದವರೂ ಸೇರಿ, ಬದಲಿಸುವುದಕ್ಕೆ ವಿರುದ್ಧವಾದ ಒಂದೆರಡು ಕಾರಣಗಳನ್ನು ಹೇಳಬೇಕು. ಎರಡನೇ ಸುತ್ತಿನಲ್ಲಿ, ಹಳೆಯ ಮಾಡನ್ನು ಮುಟ್ಟಬಾರದು ಎನ್ನುವವರೂ ಸೇರಿ, ಬದಲಿಸುವುದಕ್ಕೆ ಪರವಾದ ಕಾರಣಗಳನ್ನು ಹೇಳಬೇಕು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಉತ್ತರ ಕೊಡುವಂತಿಲ್ಲ. ಒಬ್ಬೊಬ್ಬರಿಗೆ ಎರಡು ಅಥವಾ ಮೂರು ನಿಮಿಷ ಸಾಕು. ಎರಡೂ ಸುತ್ತನ್ನು ಒಂದೇ ರಾತ್ರಿ ಮುಗಿಸಬೇಕೆಂದಿಲ್ಲ. ಒಂದು ವಾರದ ಅಂತರ ಬಿಟ್ಟರೆ ಇನ್ನೂ ಒಳ್ಳೆಯದು. ವರ್ಷಗಳಿಂದ ಒಬ್ಬರನ್ನೊಬ್ಬರು ಎದುರಾಳಿಗಳಂತೆ ಕಂಡವರು ಎದುರು ಕಡೆಯ ವಾದವನ್ನು ತಮ್ಮದೇ ಬಾಯಿಂದ ನ್ಯಾಯವಾಗಿ ಹೇಳಿದಾಗ ಆ ಕೋಣೆಯ ಗಾಳಿಯೇ ಬದಲಾಗುತ್ತದೆ.

ಮಹಿಳೆಯರಿಗೆ ಮತ್ತು ಯುವಜನ ಪ್ರತಿನಿಧಿಗಳಿಗೆ ಕೊನೆಯಲ್ಲಿ "ಏನಾದರೂ ಹೇಳುವುದಿದೆಯಾ?" ಎಂದು ಕೇಳುವ ರೂಢಿಯನ್ನು ಬಿಡಿ. ಅವರಿಂದಲೇ ಆರಂಭಿಸಿ. ಆರನೇ ಶತಮಾನದ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮದ ಮೂರನೇ ಅಧ್ಯಾಯದಲ್ಲಿ, ಮುಖ್ಯ ವಿಷಯವಿದ್ದಾಗ ಮಠಾಧಿಪತಿ ಎಲ್ಲ ಸಹೋದರರನ್ನೂ ಕರೆಯಬೇಕು, ಏಕೆಂದರೆ ಒಳ್ಳೆಯದೇನೆಂಬುದನ್ನು ದೇವರು ಅನೇಕ ಬಾರಿ ಕಿರಿಯನಿಗೇ ತೋರಿಸಿಕೊಡುತ್ತಾರೆ ಎಂದಿದ್ದಾರೆ.

5. ಅಧ್ಯಕ್ಷರು ಕೊನೆಯಲ್ಲಿ ಮಾತಾಡಲಿ

ಧರ್ಮಗುರುಗಳು ಮೊದಲೇ "ನನಗೆ ಹೀಗೆ ಮಾಡಿದರೆ ಒಳ್ಳೆಯದು ಅನಿಸುತ್ತದೆ" ಎಂದರೆ, ಅವರ ಮೇಲಿನ ಗೌರವದಿಂದಲೇ ಅರ್ಧ ಜನ ಸುಮ್ಮನಾಗುತ್ತಾರೆ. ಅವರ ಮನಸ್ಸಿನಲ್ಲಿ ಅಂಥ ಉದ್ದೇಶ ಇರಲಿಕ್ಕಿಲ್ಲ, ಆದರೂ ಪರಿಣಾಮ ಅದೇ. ಉಪಾಧ್ಯಕ್ಷರು ಸಭೆಗೆ ಮೊದಲು ಅವರನ್ನು ಖಾಸಗಿಯಾಗಿ ಕಂಡು, "ಫಾದರ್, ಇವತ್ತು ಎಲ್ಲರ ಮಾತು ಮುಗಿದ ಮೇಲೆ ತಾವು ಮಾತಾಡಿದರೆ ನಮಗೆ ಧೈರ್ಯ ಬರುತ್ತದೆ" ಎಂದು ವಿನಂತಿಸಬಹುದು. ಹೀಗೆ ಕೇಳಿದಾಗ ಬೇಸರಪಟ್ಟುಕೊಂಡ ಗುರುಗಳನ್ನು ನಾನು ಕಂಡಿಲ್ಲ.

6. ತೀರ್ಮಾನವನ್ನೂ ಅದರ ಕಾರಣವನ್ನೂ ಬರೆದಿಡಿ

ಸಲಹಾರೂಪದ ಮತ ಎಂದರೇನು ಎಂಬಲ್ಲಿ ಎರಡು ಬಗೆಯ ತಪ್ಪು ತಿಳಿವಳಿಕೆಗಳಿವೆ. ಬಹುಮತ ಬಂದರೆ ಧರ್ಮಗುರುಗಳು ಒಪ್ಪಲೇಬೇಕು ಎಂಬುದು ಒಂದು. ಧರ್ಮಕೇಂದ್ರ ಪಂಚಾಯತಿ ಅಲ್ಲ. ಸಮುದಾಯದ ಪಾಲನೆಯ ಹೊಣೆಯನ್ನು ಬಿಷಪ್ಪರು ಒಬ್ಬರಿಗೆ ಒಪ್ಪಿಸಿದ್ದಾರೆ, ಮತ್ತು ಆ ಹೊಣೆಯನ್ನು ಅವರು ಮತಗಳ ಲೆಕ್ಕಕ್ಕೆ ಬಿಟ್ಟುಕೊಡಲಾರರು. ಸಲಹೆ ಬರಿಯ ಔಪಚಾರಿಕತೆ ಎಂಬುದು ಇನ್ನೊಂದು ತಪ್ಪು. ಸಲಹೆ ಕೇಳುವುದನ್ನು ಕಾನೂನು ಕಡ್ಡಾಯ ಮಾಡಿರುವ ಸಂದರ್ಭಗಳಿಗೆ ಅನ್ವಯಿಸುವ 127ನೇ ವಿಧಿ, ಸಲಹೆಗಾರರ ಅಭಿಪ್ರಾಯಕ್ಕೆ, ಅದರಲ್ಲೂ ಅದು ಒಮ್ಮತದ್ದಾಗಿದ್ದರೆ, ಬಲವಾದ ಕಾರಣವಿಲ್ಲದೆ ವಿರುದ್ಧವಾಗಿ ನಡೆಯಬಾರದೆಂದು ಅಧಿಕಾರದಲ್ಲಿರುವವರಿಗೆ ಹೇಳುತ್ತದೆ. ಸಲಹೆ ಕೊಡುವವರು ತಮ್ಮ ಅಭಿಪ್ರಾಯವನ್ನು ಪ್ರಾಮಾಣಿಕವಾಗಿ ಹೇಳಲು ಬದ್ಧರೆಂದೂ ಹೇಳುತ್ತದೆ. ಈ ಮನೋಧರ್ಮ ಪಾಲನಾ ಮಂಡಳಿಗೂ ಸಲ್ಲುತ್ತದೆ ಎಂಬುದು ನನ್ನ ನಂಬಿಕೆ. 2021ರಿಂದ 2024ರವರೆಗೆ ನಡೆದ ಸಿನೊದ್, ಅಂದರೆ ಜೊತೆಯಾಗಿ ನಡೆಯುವ ಬಗ್ಗೆ ಇಡೀ ಧರ್ಮಸಭೆ ಮಾಡಿದ ಸಮಾಲೋಚನೆ, ತನ್ನ ಅಂತಿಮ ದಾಖಲೆಯಲ್ಲಿ ಇದೇ ದಿಕ್ಕಿನಲ್ಲಿ ಮಾತಾಡಿದೆ: ತೀರ್ಮಾನದ ಅಧಿಕಾರ ಪಾಲಕರದ್ದೇ, ಆದರೆ ಸರಿಯಾದ ವಿವೇಚನೆಯಿಂದ ಹೊಮ್ಮಿದ ದಾರಿಯನ್ನು ಅವರು ಕಡೆಗಣಿಸುವಂತಿಲ್ಲ. ಪೋಪ್ ಫ್ರಾನ್ಸಿಸ್ ಅದನ್ನು 2024ರ ಅಕ್ಟೋಬರ್ 26ರಂದು ಅನುಮೋದಿಸಿದರು.

ಆದ್ದರಿಂದ ತೀರ್ಮಾನ ಮಂಡಳಿಯ ಸಲಹೆಗಿಂತ ಬೇರೆಯಾದರೆ ಅದರ ಕಾರಣವನ್ನು ತಿಳಿಸುವಂತೆ ಗೌರವದಿಂದ ಕೇಳಿ, ಮತ್ತು ಆ ಕಾರಣವನ್ನು ನಡಾವಳಿಯಲ್ಲಿ ಬರೆಯಿರಿ. ನಡಾವಳಿ ಪುಸ್ತಕದಲ್ಲಿ "ಚರ್ಚಿಸಿ ಒಪ್ಪಲಾಯಿತು" ಎಂಬ ಎರಡು ಪದ ಸಾಲದು. ಪ್ರಶ್ನೆ ಏನಿತ್ತು, ಪರ ಮತ್ತು ವಿರುದ್ಧದ ಮುಖ್ಯ ಕಾರಣಗಳೇನು, ತೀರ್ಮಾನವೇನು, ಯಾರು ಯಾವ ದಿನದೊಳಗೆ ಏನು ಮಾಡಬೇಕು ಇಷ್ಟೂ ಇರಲಿ. ಯಾರು ಯಾವ ಕಾರಣ ಹೇಳಿದರೆಂದು ಹೆಸರು ಬರೆಯುವುದು ಬೇಡ. ಹತ್ತು ವರ್ಷಗಳ ಮೇಲೆ ಆ ಪುಟವನ್ನು ತೆರೆದು ನೋಡುವವರಿಗೆ ಕಾರಣಗಳು ಸಿಗಬೇಕು, ಜಗಳ ಸಿಗಬಾರದು.

ಒಮ್ಮೆ ಮೌನವನ್ನು ಒಪ್ಪಿಗೆಯೆಂದು ಬರೆದ ತಪ್ಪು ನನ್ನಿಂದಲೇ ಆಗಿದೆ. ಭಾನುವಾರದ ಪೂಜೆಯ ಸಮಯ ಬದಲಿಸುವ ವಿಷಯ ಕಾಲು ಗಂಟೆಯಲ್ಲಿ ಮುಗಿದಿತ್ತು, ಯಾರೂ ತುಟಿ ಬಿಚ್ಚಿರಲಿಲ್ಲ, ನಾನು "ಸರ್ವಾನುಮತ" ಎಂದು ಬರೆದೆ. ಸಭೆ ಮುಗಿಸಿ ಹೊರಗೆ ಬಂದರೆ ಅದೇ ಸದಸ್ಯರು ಅಂಗಳದ ಶಿಲುಬೆಯ ಬಳಿ ನಿಂತು ಅರ್ಧ ಗಂಟೆ ಅದರ ವಿರುದ್ಧ ಮಾತಾಡುತ್ತಿದ್ದರು. ಅಂದಿನಿಂದ ನಾನು ಪ್ರತಿಯೊಬ್ಬರ ಮುಖ ನೋಡಿ ಹೆಸರು ಹಿಡಿದು ಕೇಳಿದ ಮೇಲೆಯೇ ಆ ಪದವನ್ನು ಬರೆಯುತ್ತೇನೆ. ಸಭೆಯಲ್ಲಿ ಮೌನ, ಗೇಟಿನ ಬಳಿ ಮಾತು ಎಂಬ ಈ ರೂಢಿಯಷ್ಟು ನಮ್ಮ ಐಕ್ಯತೆಯನ್ನು ಕೊರೆದದ್ದು ಬೇರೊಂದಿಲ್ಲ ಎಂದು ನಾನು ನೋವಿನಿಂದಲೇ ಹೇಳುತ್ತೇನೆ.

7. ಎಲ್ಲರೂ ಒಂದೇ ಮಾತಿನಲ್ಲಿ ಜನರಿಗೆ ತಿಳಿಸಿ

ಜೆರುಸಲೇಮಿನ ಸಭೆ ತೀರ್ಮಾನವನ್ನು ಪತ್ರದಲ್ಲಿ ಬರೆಯಿತು, ಜೊತೆಗೆ ಅದನ್ನು ಬಾಯಿಮಾತಿನಲ್ಲೂ ವಿವರಿಸಲು ಬಾರ್ಸಬ್ಬನೆಂಬ ಯೂದ ಮತ್ತು ಸೀಲರನ್ನು ಕಳುಹಿಸಿತು. ನೀವೂ ಹಾಗೆಯೇ ಮಾಡಬಹುದು: ಪೂಜೆಯ ಕೊನೆಯ ಪ್ರಕಟಣೆಯಲ್ಲಿ ಓದುವ ಚಿಕ್ಕ ಲಿಖಿತ ಹೇಳಿಕೆ, ಬಳಿಕ ವಾಳೆಯ ಸಭೆಯಲ್ಲಿ ಗುರಿಕಾರರ ವಿವರಣೆ. ಅಧಿಕೃತ ಪ್ರಕಟಣೆಗೆ ಮೊದಲು ವಾಟ್ಸಾಪ್ ಗುಂಪಿಗೆ ಏನನ್ನೂ ಹಾಕಬೇಡಿ. "ನಾನು ಬೇಡ ಅಂದಿದ್ದೆ, ಕೇಳಲಿಲ್ಲ" ಎಂಬ ಒಂದು ಸಾಲು ಇಡೀ ವಾಳೆಯನ್ನು ಎರಡು ಮಾಡಬಲ್ಲದು. ಹಣ ಸಂಗ್ರಹವಾಗಿದ್ದರೆ ಲೆಕ್ಕವನ್ನೂ ತಿಳಿಸಿ. ವಿಶ್ವಾಸಿಗಳು ಕೊಟ್ಟ ಕಾಣಿಕೆಯ ಲೆಕ್ಕವನ್ನು ಅವರಿಗೇ ಒಪ್ಪಿಸಬೇಕೆಂದು 1287ನೇ ವಿಧಿ ಹೇಳುತ್ತದೆ.

8. ಒಪ್ಪಿಗೆಯಿಲ್ಲದ ತೀರ್ಮಾನಕ್ಕೂ ಕೈಜೋಡಿಸಿ. ಮಿತಿ ಎಲ್ಲಿದೆಯೆಂದೂ ತಿಳಿದಿರಿ

ನೀವು ದುರಸ್ತಿ ಸಾಕು ಎಂದಿರಿ, ಬದಲಿಸುವ ತೀರ್ಮಾನವಾಯಿತು ಎಂದುಕೊಳ್ಳಿ. ಈಗ ನಿಮ್ಮಿಂದ ನಿರೀಕ್ಷಿಸುವುದು ನಿಮ್ಮ ಅಭಿಪ್ರಾಯವನ್ನು ಅಳಿಸಿಹಾಕುವುದನ್ನಲ್ಲ. ಹಂಚು ಇಳಿಸುವ ದಿನ ನೀವೂ ಸಾಲಿನಲ್ಲಿ ನಿಂತು ಕೈಯಿಂದ ಕೈಗೆ ದಾಟಿಸಬೇಕು, ನಿಮ್ಮ ವಾಳೆಯ ಪಾಲಿನ ಹಣವನ್ನು ಮನಃಪೂರ್ವಕವಾಗಿ ಸಂಗ್ರಹಿಸಬೇಕು, ಯಾರಾದರೂ ಕೇಳಿದರೆ ತೀರ್ಮಾನದ ಕಾರಣವನ್ನು ನ್ಯಾಯವಾಗಿ ವಿವರಿಸಬೇಕು. ಕೆಲಸ ಕೆಡಲಿ, ಆಗ ನನ್ನ ಮಾತು ಸರಿಯೆಂದು ತಿಳಿಯುತ್ತದೆ ಎಂಬ ಆಸೆ ಮನಸ್ಸಿನ ಮೂಲೆಯಲ್ಲಿ ಹುಟ್ಟುತ್ತದೆ. ಅದನ್ನು ಪಾಪನಿವೇದನೆಗೆ ಒಯ್ಯಬೇಕಾದ ಸಂಗತಿಯೆಂದೇ ನಾನು ತಿಳಿಯುತ್ತೇನೆ.

ವಿಧೇಯತೆಗೆ ಮಿತಿಯಿದೆ. ಪಾಪವಾದದ್ದನ್ನು, ದೇಶದ ಕಾನೂನಿಗೆ ವಿರುದ್ಧವಾದದ್ದನ್ನು, ಲೆಕ್ಕ ತಿದ್ದುವುದನ್ನು ಯಾರು ಹೇಳಿದರೂ ಮಾಡುವಂತಿಲ್ಲ. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಿರಬೇಕು ಎಂದ ಪೇತ್ರರ ಮಾತು ಇಂಥ ಸಂದರ್ಭಕ್ಕೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ದೂರು ಬಂದರೆ ಅದು ಪಾಲನಾ ಮಂಡಳಿಯ ಕಾರ್ಯಸೂಚಿಗೆ ಬರಬೇಕಾದ ವಿಷಯವೇ ಅಲ್ಲ; 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಅದನ್ನು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಚರ್ಚಿನ ಮಾನ ಉಳಿಸಲು ಸುಮ್ಮನಿರಿ ಎಂಬ ಮಾತಿಗೆ ವಿಧೇಯತೆ ಸಲ್ಲದು.

ತೀರ್ಮಾನ ಕಾನೂನುಬಾಹಿರವಲ್ಲದಿದ್ದರೂ ಗಂಭೀರ ತಪ್ಪೆಂದು ಅನಿಸಿದರೆ ಗೌರವದ ದಾರಿಯೊಂದಿದೆ. ಮೊದಲು ಧರ್ಮಗುರುಗಳನ್ನು ಒಬ್ಬರೇ ಕಂಡು ಮಾತಾಡಿ. ಆಗದಿದ್ದರೆ ಹೆಸರು ಮತ್ತು ಸಹಿಯೊಂದಿಗೆ ಬಿಷಪ್ಪರಿಗೆ ಪತ್ರ ಬರೆಯಿರಿ, ಅದರ ಪ್ರತಿಯನ್ನು ಧರ್ಮಗುರುಗಳಿಗೂ ಕೊಡಿ. ಹೆಸರಿಲ್ಲದ ಪತ್ರ ಬೇಡವೇ ಬೇಡ. ಲಿಖಿತ ಆದೇಶದಿಂದ ನಿಮಗೆ ಅನ್ಯಾಯವಾಗಿದೆಯೆಂದು ಔಪಚಾರಿಕ ಮೇಲ್ಮನವಿ ಸಲ್ಲಿಸುವುದಾದರೆ ಅವಧಿ ಬಹಳ ಚಿಕ್ಕದು: ಬಿಷಪ್ಪರ ಆದೇಶವಾಗಿದ್ದರೆ 10 ದಿನಗಳೊಳಗೆ ಅವರಲ್ಲೇ ಮರುಪರಿಶೀಲನೆ ಕೋರಬೇಕು, ಮೇಲಿನ ಅಧಿಕಾರಿಗೆ ಮನವಿ ಸಲ್ಲಿಸಲು 15 ದಿನಗಳ ಗಡುವು. ಆದ್ದರಿಂದ ಆದೇಶ ಕೈಸೇರಿದ ದಿನಾಂಕವನ್ನು ಅದರ ಮೇಲೆಯೇ ಬರೆದಿಟ್ಟುಕೊಳ್ಳಿ, ಮತ್ತು ಧರ್ಮಸಭೆಯ ಕಾನೂನು ಬಲ್ಲ ಗುರುಗಳೊಬ್ಬರನ್ನು ಕೂಡಲೇ ಕೇಳಿ.

9. ಮರುಪರಿಶೀಲನೆಯ ದಿನವನ್ನು ಅಂದೇ ಗೊತ್ತುಮಾಡಿ

ತೀರ್ಮಾನದ ದಿನವೇ, ಆರು ತಿಂಗಳ ಅಥವಾ ಒಂದು ಮಳೆಗಾಲದ ಬಳಿಕ ಇದನ್ನು ಮತ್ತೆ ನೋಡುತ್ತೇವೆ ಎಂದು ನಡಾವಳಿಯಲ್ಲಿ ಬರೆಯಿರಿ. ಆ ಸಭೆಯಲ್ಲಿ ಮೊದಲು ಮಾತಾಡುವ ಅವಕಾಶವನ್ನು ಅಂದು ತೀರ್ಮಾನಕ್ಕೆ ಒಪ್ಪದೆಯೂ ಕೈಜೋಡಿಸಿದವರಿಗೆ ಕೊಡಿ. ಮಾಡು ಎಲ್ಲಿ ಸೋರುತ್ತಿದೆ, ಎಲ್ಲಿ ನಿಂತಿದೆ ಎಂದು ಅವರು ಹೇಳಲಿ, ಕಾರ್ಯದರ್ಶಿ ಅದನ್ನು ಹಾಗೆಯೇ ಬರೆದುಕೊಳ್ಳಲಿ.